ಮಳೆಗಾಲದ ಕೋಳಿಮರಿಗಳಿಗೆ ಮೊದಲು ತಪಾಸಣೆ, ಆಮೇಲೆ ಔಷಧಿ

ಸಂಪಾದಕರಿಗೆ,

ಮಾನ್ಯರೇ,

ಆರಿದ್ರಾ ಮಳೆ ಹಿಡಿದುಕೊಂಡ ಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಪಶು ಔಷಧಿ ಮಾರುವ ಯಾವ ಅಂಗಡಿಗೆ ಹೋದರೂ ಕೋಳಿಮರಿಗೆ ಮದ್ದು ಕೇಳುವವರು ಒಬ್ಬರಾದರೂ ಕಾಣಸಿಗುತ್ತಾರೆ. ಮರಿ ಮುದುಡಿಕೊಂಡು ಕೂತಿದೆ, ರೆಕ್ಕೆ ಇಳಿಬಿಟ್ಟಿದೆ, ಕಾಳು ಮುಟ್ಟುತ್ತಿಲ್ಲ ಎಂದು ಅವರು ಹೇಳುತ್ತಾರೆ. ಅಂಗಡಿಯವರು ಟೆಟ್ರಾಸೈಕ್ಲಿನ್ ಪುಡಿಯ ಒಂದು ಪೊಟ್ಟಣವನ್ನೂ ಬಿ-ಕಾಂಪ್ಲೆಕ್ಸ್ ಟಾನಿಕ್ಕಿನ ಒಂದು ಸೀಸೆಯನ್ನೂ ಕೊಟ್ಟು ಕಳಿಸುತ್ತಾರೆ. ಮರಿಗೆ ಎಷ್ಟು ದಿನವಾಯಿತು, ಹಿಕ್ಕೆ ಯಾವ ಬಣ್ಣದ್ದು, ಕೆಳಗೆ ಹಾಸಿರುವುದು ಏನು ಎಂದು ಕೇಳುವವರು ಅಪರೂಪ. ಮಲೆನಾಡಿನ ಪಶು ಚಿಕಿತ್ಸಾಲಯಗಳಲ್ಲೇ ನೌಕರಿ ಮುಗಿಸಿದ ನನಗೆ ಈ ಅಂಗಡಿಯವರನ್ನು ದೂರುವ ಮನಸ್ಸಿಲ್ಲ. ಹಿತ್ತಲಲ್ಲಿ ಹತ್ತು ಹದಿನೈದು ಮರಿ ಸಾಕುವವರಿಗೆ ಬೇರೆ ಬಾಗಿಲನ್ನು ನಮ್ಮ ವ್ಯವಸ್ಥೆ ತೆರೆದಿಟ್ಟಿಲ್ಲ ಎಂಬುದೇ ನನ್ನ ಆಕ್ಷೇಪ.

ಮುದುಡಿ ಕೂರುವುದು ಎಲ್ಲ ಕಾಯಿಲೆಗೂ ಸಮಾನವಾದ ಲಕ್ಷಣ. ಚಳಿ ತಗುಲಿದ ಮರಿಯೂ ಹಾಗೇ ಕೂರುತ್ತದೆ, ರಕ್ತಭೇದಿ ಹತ್ತಿದ ಮರಿಯೂ ಹಾಗೇ ಕೂರುತ್ತದೆ, ಶ್ವಾಸಕೋಶಕ್ಕೆ ಬೂಸ್ಟು ಸೇರಿದ ಮರಿಯೂ ಹಾಗೇ ಕೂರುತ್ತದೆ. ಆದ್ದರಿಂದ ಮೊದಲು ನೋಡಬೇಕಾದದ್ದು ಮರಿಯ ವಯಸ್ಸು. ಮೊದಲ ವಾರದಲ್ಲಿ ಸಾಯುವ ಮರಿಗಳಲ್ಲಿ ಹೆಚ್ಚಿನವು ಚಳಿಯಿಂದಲೋ, ಹೊಕ್ಕುಳಿಗೆ ಸೋಂಕು ತಗುಲಿಯೋ, ತಾಯಿಯಿಂದ ಮೊಟ್ಟೆಯ ಮೂಲಕವೇ ಬರುವ ಪುಲ್ಲೋರಮ್ ಎಂಬ ಬಿಳಿಭೇದಿಯಿಂದಲೋ ಸಾಯುತ್ತವೆ. ಮೂರನೆಯ ವಾರದಿಂದ ಆರನೆಯ ವಾರದವರೆಗೆ ರಕ್ತಭೇದಿ ಮತ್ತು ಗುಂಬೊರೊ ಎಂಬ ವೈರಸ್ ರೋಗದ ಕಾಲ. ರಾಣಿಖೇತ್ ಎಂದೂ ಕರೆಯುವ ಕೊಕ್ಕರೆ ರೋಗಕ್ಕೆ ಮಾತ್ರ ವಯಸ್ಸಿನ ಹಂಗಿಲ್ಲ.

ಯಂತ್ರದಲ್ಲಿ ಒಡೆದ ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬಹುದು. ಹೇಂಟೆಯ ರೆಕ್ಕೆಯಡಿ ಬೆಳೆಯುವ ಮರಿಗೆ ಈ ಲೆಕ್ಕವೇ ಬೇಕಿಲ್ಲ. ಆದರೆ ವ್ಯಾನಿನಲ್ಲಿ ಮೈಕು ಹಾಕಿಕೊಂಡು ಊರೂರು ಸುತ್ತಿ ಮಾರುವವರಿಂದ ಮರಿ ಕೊಂಡು, ರಟ್ಟಿನ ಡಬ್ಬದಲ್ಲಿ ಬಲ್ಬು ಇಳಿಬಿಟ್ಟು ಸಾಕುವವರು ಈಗ ಹೆಚ್ಚಾಗಿದ್ದಾರೆ, ಮತ್ತು ಗಾಳಿಮಳೆಗೆ ಕರೆಂಟು ದಿನಗಟ್ಟಲೆ ಹೋಗುವುದು ನಮ್ಮಲ್ಲಿ ಹೊಸದೇನಲ್ಲ. ಥರ್ಮಾಮೀಟರ್ ಇಲ್ಲದಿದ್ದರೂ ಮರಿಗಳೇ ಶಾಖವನ್ನು ತೋರಿಸಿಕೊಡುತ್ತವೆ: ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದಿದ್ದರೆ ಚಳಿ, ಅಂಚಿಗೆ ಸರಿದು ಕೊಕ್ಕು ತೆರೆದಿದ್ದರೆ ಸೆಕೆ, ಡಬ್ಬದ ತುಂಬ ಹರಡಿಕೊಂಡು ಕಾಳು ಹೆಕ್ಕುತ್ತಿದ್ದರೆ ಸರಿಯಾಗಿದೆ ಎಂದರ್ಥ. ಕರೆಂಟು ಹೋಯಿತೆಂದು ಬಚ್ಚಲ ಒಲೆಯ ಪಕ್ಕ ಡಬ್ಬ ಇಡುವವರು ಶಾಖದ ಜೊತೆಗೆ ಹೊಗೆಯನ್ನೂ ತೇವವನ್ನೂ ಮರಿಗೆ ಉಣಿಸುತ್ತಾರೆ. ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಡಬ್ಬದೊಳಗೆ ಇಡುವುದು ಅದಕ್ಕಿಂತ ಎಷ್ಟೋ ವಾಸಿ.

ಮಳೆಗಾಲದಲ್ಲಿ ನಮ್ಮ ಕಡೆ ಮರಿಗಳನ್ನು ಹೆಚ್ಚು ತಿನ್ನುವುದು ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್. ಇದಕ್ಕೆ ಕಾರಣ ಐಮೀರಿಯಾ ಎಂಬ ಏಕಕೋಶ ಪರೋಪಜೀವಿ. ಅದರ ತತ್ತಿಗಳು ಹಿಕ್ಕೆಯೊಂದಿಗೆ ಹೊರಬಿದ್ದ ಕೂಡಲೇ ರೋಗ ಹರಡುವುದಿಲ್ಲ. ತೇವ, ಬೆಚ್ಚನೆಯ ವಾತಾವರಣ ಮತ್ತು ಗಾಳಿ ಸಿಕ್ಕಿದರೆ ಒಂದೆರಡು ದಿನದಲ್ಲಿ ಬಲಿತು, ಹಾಸನ್ನು ಕೆದಕುವ ಇನ್ನೊಂದು ಮರಿಯ ಹೊಟ್ಟೆ ಸೇರಲು ಸಿದ್ಧವಾಗುತ್ತವೆ. ಒಣಗಿದ ಹಾಸಿನಲ್ಲಿ ಬಲಿಯಲಾಗದ ತತ್ತಿ ನೆನೆದ ಹಾಸಿನಲ್ಲಿ ಸಲೀಸಾಗಿ ಬಲಿಯುತ್ತದೆ. ಫಿನಾಯಿಲ್ ಸುರಿದರೆ ಸಾಯುತ್ತವೆ ಎಂದು ನಂಬಿರುವವರು ಬಹಳ ಮಂದಿ. ಆದರೆ ಈ ತತ್ತಿಯ ಕವಚ ಸಾಮಾನ್ಯ ಸೋಂಕುನಿವಾರಕಗಳಿಗೆ ಜಗ್ಗುವುದಿಲ್ಲ, ತೇವದ ಮಣ್ಣಿನಲ್ಲಿ ಅದು ತಿಂಗಳುಗಟ್ಟಲೆ ಉಳಿಯುತ್ತದೆ. ದಿನಕ್ಕೊಮ್ಮೆ ಹಾಸನ್ನು ಕೆದಕಿ ತಿರುವುವುದು, ನೀರಿನ ಬಟ್ಟಲ ಸುತ್ತ ಒದ್ದೆಯಾದದ್ದನ್ನು ತೆಗೆದು ಒಣ ಉಮಿ ಹಾಕುವುದು, ಬಟ್ಟಲನ್ನು ಇಟ್ಟಿಗೆಯ ಮೇಲಿಟ್ಟು ಮರಿಯ ಬೆನ್ನಿನ ಎತ್ತರಕ್ಕೆ ತರುವುದು, ಇವನ್ನು ಔಷಧಿಯಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು.

ಔಷಧಿಯ ವಿಷಯಕ್ಕೆ ಬಂದರೆ, ಹಿಕ್ಕೆಯಲ್ಲಿ ರಕ್ತ ಕಾಣಿಸುವ ಹೊತ್ತಿಗೆ ಆ ಮರಿಯ ಕರುಳಿಗೆ ಆಗಬೇಕಾದ ಹಾನಿ ಬಹುಪಾಲು ಆಗಿಹೋಗಿರುತ್ತದೆ; ಹಾಗಾಗಿ ಚಿಕಿತ್ಸೆಯನ್ನು ಕಾಯಿಲೆ ಬಿದ್ದ ಒಂದು ಮರಿಗಲ್ಲ, ಗುಂಪಿಗೆಲ್ಲ ಕೊಡಬೇಕು. ಸಾಮಾನ್ಯವಾಗಿ ಬಳಸುವ ಆಂಪ್ರೋಲಿಯಂ ಶೇ 20ರ ಪುಡಿಯಾದರೆ ಲೀಟರ್ ನೀರಿಗೆ ಸುಮಾರು 1.2 ಗ್ರಾಂನಂತೆ ಮೂರರಿಂದ ಐದು ದಿನ, ಬಳಿಕ ಅದರ ಕಾಲುಭಾಗದ ಪ್ರಮಾಣದಲ್ಲಿ ಇನ್ನೊಂದೆರಡು ವಾರ ಕೊಡುವುದು ರೂಢಿ. ಪೊಟ್ಟಣದ ಮೇಲಿನ ಸಾಂದ್ರತೆಯನ್ನು ಪಶುವೈದ್ಯರಿಗೆ ತೋರಿಸಿ ಪ್ರಮಾಣವನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಇಲ್ಲಿ ಎರಡು ಕಡೆ ಎಡವಟ್ಟಾಗುತ್ತದೆ. ಆಂಪ್ರೋಲಿಯಂ ಕೆಲಸ ಮಾಡುವುದೇ ಪರೋಪಜೀವಿಗೆ ಬಿ1 ಜೀವಸತ್ವ ದಕ್ಕದಂತೆ ತಡೆದು. ಅದೇ ನೀರಿಗೆ ಬಿ-ಕಾಂಪ್ಲೆಕ್ಸ್ ಟಾನಿಕ್ಕನ್ನೂ ಬೆರೆಸಿದರೆ ಒಂದು ಕೈಯಲ್ಲಿ ಕೊಟ್ಟ ಮದ್ದನ್ನು ಇನ್ನೊಂದು ಕೈಯಿಂದ ಕಿತ್ತುಕೊಂಡಂತೆ. ಎರಡನೆಯದು ಮಲೆನಾಡಿಗೇ ವಿಶೇಷ: ಅಂಗಳದ ತುಂಬ ಮಳೆನೀರು ನಿಂತಿರುವಾಗ ಬಟ್ಟಲಿನ ಮದ್ದಿನ ನೀರನ್ನು ಮರಿ ಕುಡಿಯುವುದೇಕೆ? ಪುಸ್ತಕದ ಲೆಕ್ಕಗಳು ಮರಿಗೆ ಬೇರೆ ನೀರು ಸಿಗುವುದಿಲ್ಲ ಎಂದು ಹಿಡಿದು ಬರೆದಂಥವು. ಚಿಕಿತ್ಸೆ ನಡೆಯುವಷ್ಟು ದಿನ ಮರಿಗಳನ್ನು ಒಡ್ಡಿಯೊಳಗೋ ಜಗಲಿಯ ಮೂಲೆಯಲ್ಲೋ ಕೂಡಿಹಾಕದಿದ್ದರೆ ಪುಡಿಯ ದುಡ್ಡು ನೀರುಪಾಲು.

ಇನ್ನು ಬ್ರೂಡರ್ ನ್ಯುಮೋನಿಯಾ. ಸೋರುವ ಮಾಡಿನ ಕೆಳಗೆ ಮೂಟೆ ಕಟ್ಟಿಟ್ಟ ಭತ್ತದ ಉಮಿಯನ್ನು, ಗರಗಸದ ಮಿಲ್ಲಿನಿಂದ ತಂದ ಹಸಿ ಮರದ ಹೊಟ್ಟನ್ನು ಹಾಗೇ ಹಾಸಿದರೆ ಅದರಲ್ಲಿರುವ ಆಸ್ಪರ್ಜಿಲಸ್ ಬೂಸ್ಟಿನ ಕಣಗಳು ಮರಿಯ ಶ್ವಾಸಕೋಶ ಸೇರುತ್ತವೆ. ಮರಿ ಕತ್ತು ಚಾಚಿ, ಬಾಯಿ ತೆರೆದು ಏದುಸಿರು ಬಿಡುತ್ತದೆ. ಆದರೆ ಶೀತದ ಕಾಯಿಲೆಗಳಲ್ಲಿ ಕೇಳುವ ಗೊರಗೊರ ಸದ್ದು ಸಾಮಾನ್ಯವಾಗಿ ಇರುವುದಿಲ್ಲ. ಟೆಟ್ರಾಸೈಕ್ಲಿನ್ ಬ್ಯಾಕ್ಟೀರಿಯಾಕ್ಕೆ ಮಾಡಿದ ಮದ್ದು, ಬೂಸ್ಟಿಗೆ ಅದು ತಾಗುವುದೇ ಇಲ್ಲ. ಹಿತ್ತಲ ಮಟ್ಟಿಗೆ ಈ ರೋಗಕ್ಕೆ ಚಿಕಿತ್ಸೆ ಇಲ್ಲವೆಂದೇ ತಿಳಿದು, ಹಾಸನ್ನು ಪೂರ್ತಿ ಹೊರಹಾಕಿ, ಗಾಳಿಯಾಡುವಂತೆ ಮಾಡಿ ಉಳಿದ ಮರಿಗಳನ್ನು ಕಾಪಾಡಿಕೊಳ್ಳಬೇಕು. ಉಮಿಯನ್ನು ಮೇ ತಿಂಗಳ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಅಟ್ಟಕ್ಕೆ ಏರಿಸಿಟ್ಟವರ ಮನೆಯಲ್ಲಿ ಇದು ಕಾಣಿಸುವುದು ಕಡಿಮೆ. ಬೂಸ್ಟು ಹಿಡಿದ ಮೆಕ್ಕೆಜೋಳದ ಅಪಾಯವೇ ಬೇರೆ: ಅದರಲ್ಲಿನ ಅಫ್ಲಾಟಾಕ್ಸಿನ್ ಎಂಬ ವಿಷ ಪಿತ್ತಜನಕಾಂಗವನ್ನು ಕೆಡಿಸುವುದಲ್ಲದೆ ರೋಗನಿರೋಧಕ ಶಕ್ತಿಯನ್ನೂ ಕುಂದಿಸುವುದರಿಂದ ಹಾಕಿಸಿದ ಲಸಿಕೆಯೂ ಸರಿಯಾಗಿ ಹಿಡಿಯುವುದಿಲ್ಲ. ಮನುಷ್ಯರು ತಿನ್ನಲಾಗದ್ದನ್ನು ಕೋಳಿಗೆ ಹಾಕುವ ನಮ್ಮ ಅಭ್ಯಾಸವನ್ನು ಇಷ್ಟಕ್ಕಾದರೂ ಬಿಡಬೇಕು.

ಸತ್ತ ಮರಿಯನ್ನು ತಿಪ್ಪೆಗೆ ಎಸೆಯುವ ಮೊದಲು ಪಶುವೈದ್ಯರೊಬ್ಬರು ಕೊಯ್ದು ನೋಡಿದರೆ ಎಷ್ಟೋ ಸಂದೇಹಗಳು ಹತ್ತು ನಿಮಿಷದಲ್ಲಿ ಬಗೆಹರಿಯುತ್ತವೆ. ರಕ್ತಭೇದಿಯಾಗಿದ್ದರೆ ಕರುಳಿನ ಕೊನೆಯಲ್ಲಿರುವ ಜೋಡಿ ಕುರುಡುಕರುಳುಗಳು ಉಬ್ಬಿ, ಒಳಗೆ ಕಡುಗೆಂಪು ರಕ್ತ ಹೆಪ್ಪುಗಟ್ಟಿರುತ್ತದೆ. ಬೂಸ್ಟಿನ ರೋಗವಾಗಿದ್ದರೆ ಶ್ವಾಸಕೋಶದ ಮೇಲೆ ಸಾಸಿವೆಕಾಳಿನ ಗಾತ್ರದ ಹಳದಿಮಿಶ್ರಿತ ಬಿಳಿ ಗಂಟುಗಳು ಬೆರಳಿಗೆ ತಾಗುತ್ತವೆ. ಗುಂಬೊರೊದಲ್ಲಿ ಗುದದ್ವಾರದ ಮೇಲ್ಭಾಗದಲ್ಲಿರುವ ಬರ್ಸಾ ಎಂಬ ಗ್ರಂಥಿ ಊದಿಕೊಂಡು, ಕೆಲವೊಮ್ಮೆ ರಕ್ತ ಜಿನುಗಿ, ತೊಡೆಯ ಸ್ನಾಯುಗಳಲ್ಲೂ ರಕ್ತದ ಗೆರೆಗಳು ಕಾಣುತ್ತವೆ. ಹೊಕ್ಕುಳ ಸೋಂಕಿನಿಂದ ಸತ್ತ ವಾರದ ಮರಿಯ ಹೊಟ್ಟೆಯಲ್ಲಿ ಕರಗದೆ ಉಳಿದ ಮೊಟ್ಟೆಯ ಭಂಡಾರ ನೀರಾಗಿ ನಾರುತ್ತಿರುತ್ತದೆ. ಇವನ್ನು ಮನೆಯಲ್ಲೇ ಕೊಯ್ದು ನೋಡಿ ಎಂದು ನಾನು ಹೇಳುತ್ತಿಲ್ಲ. ಅದರಲ್ಲೂ ದೊಡ್ಡ ಕೋಳಿಗಳು ಸೇರಿ ಒಮ್ಮೆಗೇ ಗುಂಪುಗುಂಪಾಗಿ ಸಾಯತೊಡಗಿದರೆ, ತಲೆ ಊದಿ ಜುಟ್ಟು ನೀಲಿಗಟ್ಟಿದ್ದರೆ ಯಾರೂ ಬರಿಗೈಯಲ್ಲಿ ಮುಟ್ಟಬಾರದು. ಹಕ್ಕಿಜ್ವರವನ್ನೂ ಕೊಕ್ಕರೆ ರೋಗವನ್ನೂ ಕಣ್ಣಂದಾಜಿನಲ್ಲಿ ಬೇರ್ಪಡಿಸಲಾಗದು. ಕೂಡಲೇ ಇಲಾಖೆಗೆ ತಿಳಿಸಬೇಕು.

ಕೊಕ್ಕರೆ ರೋಗಕ್ಕೂ ಗುಂಬೊರೊಗೂ ಮದ್ದಿಲ್ಲ, ಲಸಿಕೆಯೊಂದೇ ದಾರಿ. ಹಸಿರು ಭೇದಿ, ಕತ್ತು ತಿರುಚುವುದು, ಕಾಲು ಸೋಲುವುದು ಕಾಣಿಸಿದ ಮೇಲೆ ಬೆಳ್ಳುಳ್ಳಿ ಅರೆದು ಹಾಕಿದರೂ, ಆ್ಯಂಟಿಬಯೋಟಿಕ್ ಹಾಕಿದರೂ ವೈರಸ್ಸಿಗೆ ನಾಟುವುದಿಲ್ಲ. ಮೊದಲ ವಾರದಲ್ಲಿ ಕೊಕ್ಕರೆ ರೋಗದ ಎಫ್ ಅಥವಾ ಲಸೋಟಾ ಲಸಿಕೆಯ ಒಂದು ಹನಿ ಕಣ್ಣಿಗೆ, ಎರಡನೆಯ ವಾರದ ಕೊನೆಗೆ ಗುಂಬೊರೊ ಲಸಿಕೆ, ನಾಲ್ಕನೆಯ ವಾರದಲ್ಲಿ ಮತ್ತೆ ಲಸೋಟಾ, ಎಂಟು ವಾರ ದಾಟಿದ ಮೇಲೆ ಕೊಕ್ಕರೆ ರೋಗದ್ದೇ ಆರ್‌2ಬಿ ಚುಚ್ಚುಮದ್ದು, ಇದು ಎಲ್ಲರೂ ಬಲ್ಲ ವೇಳಾಪಟ್ಟಿ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಕೊಕ್ಕರೆ ರೋಗದ ಲಸಿಕೆಯನ್ನು ತಾನೇ ತಯಾರಿಸುತ್ತದೆ. ತೊಡಕಿರುವುದು ಸೀಸೆಯಲ್ಲಿ. ಒಂದು ಸೀಸೆಯಲ್ಲಿ ನೂರರಿಂದ ಸಾವಿರ ಮರಿಗಳಿಗಾಗುವಷ್ಟು ಲಸಿಕೆ ಇರುತ್ತದೆ. ಅದನ್ನು 2ರಿಂದ 8 ಡಿಗ್ರಿಯೊಳಗೆ ಕಾಪಾಡಬೇಕು, ದ್ರಾವಣ ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹನ್ನೆರಡು ಮರಿಗಳಿರುವ ಹೆಣ್ಣುಮಗಳೊಬ್ಬಳು ಆಸ್ಪತ್ರೆಗೆ ಬಂದರೆ ಅವಳೊಬ್ಬಳಿಗಾಗಿ ಸೀಸೆ ಒಡೆಯಲು ಸಿಬ್ಬಂದಿ ಹಿಂಜರಿಯುತ್ತಾರೆ, ‘ಇನ್ನಷ್ಟು ಜನ ಸೇರಲಿ, ಬನ್ನಿ’ ಎನ್ನುತ್ತಾರೆ. ಆ ‘ಇನ್ನಷ್ಟು ಜನ’ವನ್ನು ಸೇರಿಸುವುದು ಯಾರ ಕೆಲಸ ಎಂಬುದು ಎಲ್ಲೂ ಬರೆದಿಲ್ಲ.

ಹಸುಗಳ ವಿಷಯದಲ್ಲಿ ಹೀಗಿಲ್ಲ. ಕಾಲುಬಾಯಿ ಜ್ವರದ ಲಸಿಕೆ ಕೊಟ್ಟಿಗೆಯ ಬಾಗಿಲಿಗೇ ಬರುತ್ತದೆ, 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿ ವಾಹನ ಬರುತ್ತದೆ. ಕೋಳಿಯ ಬೆಲೆ ಹಸುವಿನ ಬೆಲೆಯಲ್ಲ ಎಂಬ ಮಾತು ನಿಜವೇ. ಆದರೆ ಹಾಲಿನ ಬಟವಾಡೆ ಹೆಚ್ಚಿನ ಮನೆಗಳಲ್ಲಿ ಯಜಮಾನರ ಖಾತೆಗೆ ಹೋಗುತ್ತದೆ. ಕೋಳಿ, ಮೊಟ್ಟೆ ಮಾರಿದ ದುಡ್ಡು ಮನೆಯ ಹೆಂಗಸರ ಕೈಯಲ್ಲಿ ಉಳಿಯುತ್ತದೆ. ಸರ್ಕಾರವೇ ಸ್ವಸಹಾಯ ಸಂಘಗಳ ಮಹಿಳೆಯರಿಗೆ ಹಿತ್ತಲ ಕೋಳಿ ಸಾಕಿರೆಂದು ಹುರಿದುಂಬಿಸುತ್ತಿರುವಾಗ, ಮರಿ ಕೊಟ್ಟ ಮೇಲಿನ ಎಂಟು ವಾರಗಳನ್ನು ಅವರ ಹಣೆಬರಹಕ್ಕೆ ಬಿಡುವುದು ಸರಿಯಲ್ಲ.

ಇದಕ್ಕೆ ಹೊಸ ಕಟ್ಟಡವಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ. ಪ್ರತಿ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಸಂತೆಯ ದಿನವನ್ನು ಕೋಳಿಗಳ ದಿನವೆಂದು ಗೊತ್ತುಪಡಿಸಿ, ಅಂದು ಒಂದು ಮರಿ ಬಂದರೂ ಸೀಸೆ ಒಡೆಯಬೇಕು. ಚೆಲ್ಲಿಹೋಗುವ ಲಸಿಕೆಯ ಬೆಲೆ ಸಾಯುವ ಮರಿಗಳ ಬೆಲೆಗಿಂತ ಕಡಿಮೆ. ಅದೇ ದಿನ ಹಿಕ್ಕೆಯ ಪರೀಕ್ಷೆಯೂ ನಡೆಯಲಿ. ಉಪ್ಪಿನ ಗಟ್ಟಿ ದ್ರಾವಣದಲ್ಲಿ ಹಿಕ್ಕೆಯನ್ನು ಕದಡಿ, ಮೇಲೆ ತೇಲಿಬಂದದ್ದನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ರಕ್ತಭೇದಿಯ ತತ್ತಿಗಳು ಕಾಣುತ್ತವೆ; ಆರೋಗ್ಯವಾಗಿರುವ ಮರಿಯಲ್ಲೂ ನಾಲ್ಕಾರು ತತ್ತಿ ಇರಬಹುದಾದ್ದರಿಂದ ಲಕ್ಷಣಗಳ ಜೊತೆಗಿಟ್ಟು ತೀರ್ಮಾನಿಸಬೇಕು ಎಂಬುದನ್ನು ಪಶುವೈದ್ಯರಿಗೆ ಬೇರೆ ಹೇಳಬೇಕಿಲ್ಲ. ತಾಲ್ಲೂಕಿನಲ್ಲಿ ಬಗೆಹರಿಯದ್ದನ್ನು ಶಿವಮೊಗ್ಗದ ವಿನೋಬನಗರದಲ್ಲಿರುವ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೆ ಕಳಿಸುವ ಗೊತ್ತಾದ ಏರ್ಪಾಡೊಂದು ಬೇಕು. ಸತ್ತ ಮರಿಯನ್ನು ಫ್ರೀಜರಿನಲ್ಲಿ ಕಲ್ಲಾಗಿಸದೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಂಜುಗಡ್ಡೆಯ ನಡುವೆ ಇಟ್ಟು ಅಂದೇ ತಲುಪಿಸಿದರೆ ಪರೀಕ್ಷೆಗೆ ಬರುತ್ತದೆ. ಮಂಜುಗಡ್ಡೆ ಮೀನಿನವರ ಬಳಿ ಸಿಗುತ್ತದೆ. ಹಕ್ಕಿಜ್ವರದ ಅನುಮಾನವಿದ್ದಲ್ಲಿ ಮಾತ್ರ ಯಾರೂ ತಾವಾಗಿ ಹೊತ್ತೊಯ್ಯಬಾರದು.

ಆ್ಯಂಟಿಬಯೋಟಿಕ್ ಕುರಿತು ಒಂದು ಮಾತು. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿದಿರುವ ಕೊಲಿಸ್ಟಿನ್ ಔಷಧಿಯನ್ನು ಕೋಳಿ ಸೇರಿದಂತೆ ಆಹಾರದ ಪ್ರಾಣಿಗಳಿಗಾಗಿ ತಯಾರಿಸಿ ಮಾರುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಕಾಯಿಲೆ ಯಾವುದೆಂದು ತಿಳಿಯದೆ ಚೀಟಿಯಿಲ್ಲದೆ ಮಾರುವ ಉಳಿದ ಪುಡಿಗಳ ಮೇಲೂ ತಾಲ್ಲೂಕು ಮಟ್ಟದಲ್ಲಿ ನಿಗಾ ಇರಬೇಕು. ಆದರೆ ತಪಾಸಣೆಯ ಬಾಗಿಲು ತೆರೆಯದೆ ಅಂಗಡಿಯ ಬಾಗಿಲನ್ನಷ್ಟೇ ಮುಚ್ಚಿಸಿದರೆ ಜನ ಕೈಗೆ ಸಿಕ್ಕಿದ್ದನ್ನು ಹಾಕುತ್ತಾರೆ.

ನಮ್ಮಲ್ಲಿ ಹೇಂಟೆಗಳನ್ನು ಕಾವಿಗೆ ಕೂರಿಸುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಏಪ್ರಿಲ್ ಕೊನೆಗೆ ಕಾವಿಗಿಟ್ಟ ಮೊಟ್ಟೆ 21 ದಿನಕ್ಕೆ ಒಡೆದರೆ, ಆ ಮರಿ ರಕ್ತಭೇದಿಯ ವಯಸ್ಸಿಗೆ ಕಾಲಿಡುವುದು ಸರಿಯಾಗಿ ಮಳೆ ಶುರುವಾಗುವಾಗ. ಆದ್ದರಿಂದ ಪಶುಪಾಲನಾ ಇಲಾಖೆಯ ಜಿಲ್ಲಾ ಉಪನಿರ್ದೇಶಕರು ಲಸಿಕೆ ಮತ್ತು ತಪಾಸಣೆಯ ದಿನಗಳ ಪಟ್ಟಿಯನ್ನು ಮೇ ಮೊದಲ ವಾರದೊಳಗೆ ಹೊರಡಿಸಿ, ಊರೂರಿನ ಹಾಲು ಉತ್ಪಾದಕರ ಸಂಘದ ಬೋರ್ಡಿನಲ್ಲಿ ಅಂಟಿಸುವಂತೆ ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ,
ನಿವೃತ್ತ ಪಶುವೈದ್ಯಕೀಯ ಪರೀಕ್ಷಕ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ