ಪೌತಿ ಖಾತೆಗೆ ಕೂತಾಗ ಸಾಲದ ಲೆಕ್ಕವನ್ನೂ ತೆಗೆಯಿರಿ

ಮಾನ್ಯರೇ,

ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಕೊಡುವ ಪೌತಿ ಖಾತೆ ಕೆಲಸ ನನ್ನ ತವರು ಶಿಡ್ಲಘಟ್ಟ ತಾಲ್ಲೂಕಿನಲ್ಲೂ ನಡೆಯುತ್ತಿದೆ. ಒಳ್ಳೆಯದೇ. ಆದರೆ ಎಲ್ಲರೂ ಎಕರೆ ಗುಂಟೆಯ ಮಾತಾಡುತ್ತಾರೆ. ಅಪ್ಪ ಬಿಟ್ಟುಹೋದ ಸಾಲದ ಮಾತು ಯಾರೂ ಎತ್ತುವುದಿಲ್ಲ. ಒಡಹುಟ್ಟಿದವರು ಮಾತು ಬಿಡುವುದು ಅಲ್ಲಿಂದಲೇ.

ನಮ್ಮ ಅಪ್ಪ ಹೋದಾಗ ಸೊಸೈಟಿಯ ಬೆಳೆ ಸಾಲವಿತ್ತು. ಅಮ್ಮನ ಸರ ಅಡವಿಟ್ಟ ಸಾಲವಿತ್ತು. ಸಾವಿರ ಅಡಿ ದಾಟಿದರೂ ನೀರು ಕಾಣದ ಬೋರ್‌ವೆಲ್‌ಗೆ ಮಾಡಿದ ಕೈಸಾಲವೂ ಇತ್ತು. ಸೊಸೈಟಿ ಸಾಲ ಪಹಣಿಯ 11ನೇ ಕಾಲಂನಲ್ಲಿ ಸಿಗುತ್ತದೆ. ಕೈಸಾಲ ಎಲ್ಲಿ ಸಿಗಬೇಕು? ತಮ್ಮ ರೇಷ್ಮೆ ಗೂಡು ಮಾರಿದ ದುಡ್ಡಲ್ಲಿ ಒಬ್ಬನೇ ಬಡ್ಡಿ ಕಟ್ಟುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ. ನೆಂಟರು ಮಾತ್ರ "ಅಕ್ಕ ಭಾಗ ಕೇಳ್ತಾಳೆ, ಬೇಗ ಸೈನ್ ಹಾಕಿಸ್ಕೋ" ಎಂದು ಕಿವಿ ಊದಿದರು. ಅವನ ಫೋನ್ ನಿಂತಿತು. ಆ ವರ್ಷ ಗೌರಿ ಹಬ್ಬಕ್ಕೆ ಬಾಗಿನವೂ ಬರಲಿಲ್ಲ.

ಚಿಂತಾಮಣಿಯಿಂದ ನಾನೇ ಹೋದೆ. ಅಮ್ಮನನ್ನು ಕೂರಿಸಿಕೊಂಡು, ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಪ್ರಾಮಿಸರಿ ನೋಟು ಯಾರ ಹತ್ತಿರ ಇದೆ ಎಂದು ಎಲ್ಲ ಬರೆದೆವು. ಒಂದು ಪ್ರತಿ ಅವನಿಗೆ, ಒಂದು ನನಗೆ. ಸರ ನಾನು ಬಿಡಿಸಿದೆ. ಕೈಸಾಲಕ್ಕೆ ಅವನ ಜೊತೆ ನಾನೂ ಕೈ ಹಾಕಿದೆ. ಅಸಲು ತೀರಿದ ಕಡೆ ನೋಟು ವಾಪಸ್ ಪಡೆದೆವು, ಇದನ್ನು ಯಾರೂ ಮರೆಯಬೇಡಿ. ಈಗ ಗೂಡು ಹರಾಜಾದ ದಿನ ತಮ್ಮ ಫೋನ್ ಮಾಡುತ್ತಾನೆ. ರೇಟು ಹೇಳುತ್ತಾನೆ, ಯಾರಿಗೆ ಎಷ್ಟು ಕೊಟ್ಟೆ ಅಂತಾನೆ, ಆಮೇಲೆ ಮಕ್ಕಳ ವಿಷಯ. ಆ ಫೋನಿಗೆ ನಾನು ಕಾಯುತ್ತೇನೆ.

ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಗಟ್ಟಿ ಮಾಡಿತು. ಪಾಲು ನಮಗೂ ಇದೆ ಎಂದ ಮೇಲೆ ಸಾಲದ ಭಾರ ತಮ್ಮನೊಬ್ಬನ ತಲೆಗೆ ಯಾಕೆ? ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಅಪ್ಪನ ಸಾಲಕ್ಕೆ ಅಪ್ಪನಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಮಕ್ಕಳು ಹೊಣೆ. ತಾವೇ ಜಾಮೀನು ಹಾಕಿದ್ದರೆ ಬೇರೆ ಮಾತು. ಇದು ತಿಳಿಯದೆ ಸುಮ್ನೆ ಹೆದರಿ, ಇನ್ನೂ ಜಾಸ್ತಿ ಬಡ್ಡಿಗೆ ಹೊಸ ಸಾಲ ಮಾಡುತ್ತಾರೆ.

ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ವಂಶವೃಕ್ಷ ನೋಡಲು ಊರಿಗೆ ಬರುವ ದಿನ ಸೊಸೈಟಿ ಕಾರ್ಯದರ್ಶಿಯನ್ನೂ ಕರೆಸಿ. ತೀರಿಕೊಂಡವರ ಬಾಕಿ ಪಟ್ಟಿಯನ್ನು ಎಲ್ಲ ಮಕ್ಕಳ ಮುಂದೆ ಓದಿಸಿ. ಮದುವೆಯಾಗಿ ಬೇರೆ ಊರಲ್ಲಿರುವ ಅಕ್ಕ ತಂಗಿಯರಿಗೆ ಅಲ್ಲಿಂದಲೇ ಫೋನ್ ಹಚ್ಚಿಸಿ. ಸಹಿ ಆಮೇಲೆ ಆಗಲಿ.

– ಒಬ್ಬ ಮಹಿಳಾ ಓದುಗರು, ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ