ಎಂಜಿನ್‌ಗೆ ಬೈಯುವ ಮೊದಲು ಹಳಿ ನೋಡಿ

ಸಂಪಾದಕರಿಗೆ ನಮಸ್ಕಾರ.

ಮಾಡೆಲ್ ರೈಲು ಇಟ್ಟುಕೊಂಡಿರುವ ಓದುಗರಿಗೆ ಒಂದು ಮಾತು ಹೇಳಬೇಕಿದೆ. ಸಾವಿರಗಟ್ಟಲೆ ಕೊಟ್ಟು ಎಂಜಿನ್ ತರುತ್ತಾರೆ, ಕೈಚಳಕ ಇರುವವರು ಅದಕ್ಕೆ ಕೈಹಿಡಿ ಕಂಬಿ, ಹಾರ್ನ್, ನಂಬರ್ ಎಲ್ಲ ಹಾಕಿ ಚೆಂದ ಮಾಡುತ್ತಾರೆ, ಆದರೆ ಓಡಿಸಲು ಹೋದರೆ ಹಳಿ ತಪ್ಪುತ್ತದೆ. ಕೊನೆಗೆ ಎಂಜಿನ್ನೇ ಸರಿಯಿಲ್ಲ ಅಂತ ಶೋಕೇಸಿಗೆ ಸೇರಿಸಿಬಿಡುತ್ತಾರೆ. ನೋಡಿದಾಗಲೆಲ್ಲ ಬೇಜಾರಾಗುತ್ತದೆ. ಹೆಚ್ಚಿನ ಸಲ ತಪ್ಪಿರುವುದು ಹಳಿಯಲ್ಲಿ.

ಪತ್ತೆ ಮಾಡುವುದು ಕಷ್ಟವಿಲ್ಲ. ಬೇರೆ ಬೇರೆ ಗಾಡಿಗಳು ಒಂದೇ ಜಾಗದಲ್ಲಿ ಬಿದ್ದರೆ ಹಳಿ ನೋಡಿ. ಒಂದೇ ಗಾಡಿ ಎಲ್ಲ ಕಡೆ ಬಿದ್ದರೆ ಅದರ ಗಾಲಿ ನೋಡಿ. ಎಚ್‌ಒ ಸ್ಕೇಲ್ ಅಂದರೆ ಅಸಲಿಯ 87ನೇ ಒಂದು ಭಾಗ, ಎರಡು ಹಳಿಗಳ ನಡುವೆ 16.5 ಮಿ.ಮೀ. ಅಷ್ಟೇ. ಅಲ್ಲಿ ಅರ್ಧ ಮಿಲಿಮೀಟರ್ ಏರುಪೇರೂ ದೊಡ್ಡದೇ ಅಲ್ವಾ? ಕಣ್ಣನ್ನು ಹಳಿಯ ಮಟ್ಟಕ್ಕೆ ತಂದು ಉದ್ದಕ್ಕೂ ನೋಡಿದರೆ ಸೊಟ್ಟ ಕಾಣುತ್ತದೆ. ಜಾಯಿಂಟ್ ಮೇಲೆ ಉಗುರು ಎಳೆಯಿರಿ, ಉಗುರು ತಡೆದ ಕಡೆ ಗಾಲಿಯೂ ತಡೆಯುತ್ತದೆ. ಅಲ್ಲಿ ಸಣ್ಣ ಅರದಿಂದ ಒಳಗಿನ ಅಂಚನ್ನು ಉಜ್ಜಿ. ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್‌ನ ಚೂಪು ತುದಿ ಪಕ್ಕದ ಹಳಿಗೆ ಪೂರ್ತಿ ಒತ್ತಿ ಕೂರಬೇಕು, ನಡುವೆ ಒಂದು ಜಲ್ಲಿ ಕಣ ಸಿಕ್ಕಿಕೊಂಡರೂ ಗಾಡಿ ಬೀಳುತ್ತದೆ.

ನಿಂತು ನಿಂತು ಓಡಿದರೆ ಅದು ಕರೆಂಟಿನ ಸಮಸ್ಯೆ. ಕರೆಂಟು ಬರುವುದೇ ಹಳಿಯಿಂದ ಗಾಲಿಗೆ, ಹಳಿ ಕೊಳೆಯಾದರೆ ಅದು ತಡೆಯುತ್ತದೆ. ದಯವಿಟ್ಟು ಮರಳು ಕಾಗದ ಹಾಕಿ ಉಜ್ಜಬೇಡಿ, ಗೀರು ಬಿದ್ದ ಹಳಿಯಲ್ಲಿ ಕೊಳೆ ಇನ್ನೂ ಜಾಸ್ತಿ ಕೂರುತ್ತದೆ. ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿದರೆ ಸಾಕು. ದೂರದ ತುದಿಯಲ್ಲಿ ಮಾತ್ರ ವೇಗ ಕಮ್ಮಿಯಾದರೆ ಹಳಿ ತುಂಡುಗಳನ್ನು ಜೋಡಿಸುವ ಲೋಹದ ಜಾಯಿನರ್ ನಂಬಿ ಕೂರಬೇಡಿ, ಅಲ್ಲಿಗೇ ಇನ್ನೊಂದು ಜೊತೆ ವೈರ್ ಎಳೆದು ಬೆಸುಗೆ ಹಾಕಿ. ಹಾಗಂತ ಎಲ್ಲ ಜಾಯಿಂಟನ್ನೂ ಬೆಸೆದುಬಿಡಬೇಡಿ. ಮಳೆಗಾಲದಲ್ಲಿ ಹಿಗ್ಗಿದ ಪ್ಲೈವುಡ್ ಬೇಸಿಗೆಯಲ್ಲಿ ಕುಗ್ಗಿದಾಗ ಹಳಿಗೆ ಸರಿಯಲು ಜಾಗ ಇಲ್ಲದಿದ್ದರೆ ಬಿಲ್ಲಿನ ಹಾಗೆ ಬಾಗುತ್ತದೆ.

ಇಷ್ಟಾದ ಮೇಲೆ ಸಿಂಗಾರ. 1962ರಿಂದ ನಮ್ಮಲ್ಲಿ ಓಡಿದ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್‌ನ ಮಾಡೆಲ್ ತೆಗೆದುಕೊಳ್ಳಿ. ಅಚ್ಚಿನಲ್ಲೇ ಉಬ್ಬಿ ಬಂದ ಪ್ಲಾಸ್ಟಿಕ್ ಕಂಬಿಯನ್ನು ಕೆತ್ತಿ ತೆಗೆದು, ಕೈ ಡ್ರಿಲ್‌ನಿಂದ ತೂತು ಮಾಡಿ 0.4 ಮಿ.ಮೀ. ಹಿತ್ತಾಳೆ ತಂತಿ ಕೂರಿಸಿದರೆ ಅದರ ಕಳೆಯೇ ಬೇರೆ. ಹೊಗೆ ಕೊಳವೆ ಸುತ್ತ ಮಸಿ, ಗಾಲಿಗಳ ಹತ್ತಿರ ಕಂದು ಬ್ರೇಕ್ ಧೂಳು, ಕೊನೆಗೆ ಮ್ಯಾಟ್ ವಾರ್ನಿಷ್. ಆದರೆ ಇದು ಆರು ಆಕ್ಸಲ್ ಎಂಜಿನ್, ತಿರುವಿನಲ್ಲಿ ಗಾಲಿ ಚೌಕಟ್ಟು ತಿರುಗಲು ಜಾಗ ಬೇಕು. ನೀವು ಅಂಟಿಸಿದ ಮೆಟ್ಟಿಲೋ ಪೈಪೋ ಅದಕ್ಕೆ ತಾಗಿದರೆ ಎಷ್ಟು ಒಳ್ಳೆ ಹಳಿಯಿದ್ದರೂ ಗಾಡಿ ಬೀಳುತ್ತದೆ. ಒಂದೊಂದು ಸಾಮಾನು ಅಂಟಿಸಿದಾಗಲೂ ಅತಿ ಬಿಗಿಯಾದ ತಿರುವಿನಲ್ಲಿ ಓಡಿಸಿ ನೋಡಿ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ., ಲೆಕ್ಕದ ಪ್ರಕಾರ ಮಾಡೆಲ್ ಹಳಿ 19 ಮಿ.ಮೀ.ಗಿಂತ ಅಗಲ ಇರಬೇಕು ಅಂತ ವಾದ ಮಾಡುವವರಿದ್ದಾರೆ. ಗಾಡಿ ಸಲೀಸಾಗಿ ಓಡುವುದು ನನಗೆ ಅದಕ್ಕಿಂತ ಮುಖ್ಯ.

ಇದನ್ನೆಲ್ಲ ಕೈಹಿಡಿದು ಕಲಿಸುವ ಜಾಗ ನಮ್ಮ ಊರುಗಳಲ್ಲಿ ಬೇಕು. ಮೈಸೂರಿನ ರೈಲ್ವೆ ಮ್ಯೂಸಿಯಂ 1979ರಿಂದ ಇದೆ, ಹುಬ್ಬಳ್ಳಿಯಲ್ಲೂ 2020ರಲ್ಲಿ ಒಂದು ಶುರುವಾಯಿತು. ಎರಡೂ ಕಡೆ ತಿಂಗಳಿಗೆ ಒಂದು ಭಾನುವಾರ ಒಂದು ಮೇಜು, ಒಂದಿಷ್ಟು ಹಳಿ, ಬೆಸುಗೆ ಸಾಮಾನು ಇಟ್ಟು, ಶೆಡ್ ಮತ್ತು ವರ್ಕ್‌ಶಾಪಿನಿಂದ ನಿವೃತ್ತರಾದ ಫಿಟ್ಟರ್‌ಗಳನ್ನು ಕರೆಸಲಿ. ಮಕ್ಕಳು ತಮ್ಮ ಕೆಟ್ಟ ಎಂಜಿನ್ ಹಿಡಿದುಕೊಂಡು ಬರಲಿ. ನೈಋತ್ಯ ರೈಲ್ವೆಯವರು ಈ ಬಗ್ಗೆ ಯೋಚಿಸಬೇಕು ಅಂತ ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

– ಮಾಡೆಲ್ ರೈಲು ಹವ್ಯಾಸಿ, ಹುಬ್ಬಳ್ಳಿ