ನಾಲ್ಕು ಗಂಟೆಯ ಸಾಂಬಾರು

ಮಸ್ಕತ್, ಶನಿವಾರ ರಾತ್ರಿ

ಅಮ್ಮಾ,

ಮುಂಬಯಿವರೆಗೆ ಬಂದು ಕಾರ್ಕಳಕ್ಕೆ ಬರದೆ ವಾಪಸ್ ಹೋದೆ ಅಂತ ನಿನಗೆ ಸಿಟ್ಟಿದೆ, ಗೊತ್ತು. ಆಫೀಸಿನವರು ಕೊಟ್ಟದ್ದೇ ಐದು ದಿನ. ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಬೈಯುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪನಿಗೂ ಓದಿ ಹೇಳು. ವಿಷಯ ಅವರ ಹೋಟೆಲಿನದ್ದೇ.

ಮಾಟುಂಗದ ಆ ಹೋಟೆಲು ಮುಚ್ಚಿದ್ದು ಕೇಳಿದ್ದೆ, ನೋಡಿರಲಿಲ್ಲ. ಈಗ ಅಲ್ಲಿ ಮೊಬೈಲ್ ಅಂಗಡಿ. ಗಲ್ಲಾ ಇದ್ದ ಜಾಗದಲ್ಲಿ ಫೋನಿನ ಕವರ್ ನೇತುಹಾಕಿದ್ದಾರೆ. ಜಹಾಂಗೀರ್ ಆರ್ಟ್ ಗ್ಯಾಲರಿಯ ಸಮೋವರ್ ಕೆಫೆ 2015ರಲ್ಲಿ ಮುಚ್ಚಿದಾಗ ಪೇಪರಿನಲ್ಲಿ ಎಷ್ಟೆಲ್ಲ ಬಂದಿತ್ತು, ಅಲ್ವಾ? ಅಪ್ಪ ಹಗಲಿಡೀ ಟೇಬಲ್ ಒರೆಸಿ, ರಾತ್ರಿ ಕನ್ನಡ ಶಾಲೆಗೆ ಹೋಗಿ ಎಸ್ಸೆಸ್ಸಿ ಮುಗಿಸಿದ ಹೋಟೆಲಿಗೆ ಒಂದು ಸಾಲೂ ಇಲ್ಲ. ಮಾಟುಂಗದ್ದೇ ರಾಮ ನಾಯಕರ ಉಡುಪಿ ಹೋಟೆಲು ಇನ್ನೂ ಇದೆ, 1942ರಿಂದ ನಡೆಯುತ್ತಿದೆ. ಒಂದು ಮಧ್ಯಾಹ್ನ ಅಲ್ಲಿ ಎಲೆ ಊಟ ಮಾಡಿದೆ, ಚೆನ್ನಾಗೇ ಇತ್ತು. ಆದರೆ ನನಗೆ ಬೇಕಿದ್ದದ್ದು ನಮ್ಮ ಹೋಟೆಲಿನ ವಡೆ ಸಾಂಬಾರು.

ಅಲ್ಲಿ ಅದನ್ನು ಮಾಡುತ್ತಿದ್ದವರು ನಾನು ಉಳಿದ ಮನೆಯಲ್ಲೇ ಇದ್ದಾರಲ್ಲ, ದೊಡ್ಡಪ್ಪನನ್ನೇ ಹಿಡಿದೆ. ಅವರಿಗೆ ಎಲ್ಲ ನೆನಪಿದೆ, ಆದರೆ ಹೋಟೆಲಿನ ಲೆಕ್ಕದಲ್ಲಿ. ಐದು ಕಿಲೋ ಬೇಳೆ, ಇಷ್ಟು ದೊಡ್ಡ ಎರಡು ಚೀನಿಕಾಯಿ, ಉಪ್ಪು ಎರಡು ಸೌಟು. "ನಾವು ಮೂರೇ ಜನ ದೊಡ್ಡಪ್ಪಾ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಆಗುವುದಿಲ್ಲ" ಅಂದರು!

ನಾನೇ ಭಾಗಿಸಿ ಮಾಡಿದೆ. ದೊಡ್ಡಮ್ಮ ರುಚಿ ನೋಡಿ, "ಇದು ನಾನು ದಿನಾ ಮಾಡುವ ಹುಳಿಯೇ ಅಲ್ವಾ" ಅಂದರು. ತಪ್ಪು ಎಲ್ಲಿ ಅಂದರೆ, ನಾನು ಮನೆಯ ಹಾಗೆ ಬೇಳೆ ಜಾಸ್ತಿ ಹಾಕಿ, ಹಸಿ ಕಾಯಿ ರುಬ್ಬಿ ಹಾಕಿದ್ದೆ. ದೊಡ್ಡಪ್ಪನಿಗೆ ನಗು. ಹಸಿ ಕಾಯಿ ಹಾಕಿದರೆ ಸಂಜೆವರೆಗೆ ನಿಲ್ಲುತ್ತದಾ, ಹಳಸಿದರೆ ಧಣಿಗಳು ಬಿಡುತ್ತಿದ್ದರಾ ಅಂತ ಕೇಳಿದರು. ಅವರದ್ದು ಕೊತ್ತಂಬರಿ, ಮೆಂತೆ, ಕಡ್ಲೆಬೇಳೆ, ಬ್ಯಾಡಗಿ ಮೆಣಸು ಹುರಿದ ಪುಡಿ. ಬೇಳೆ ಕಡಿಮೆ. ಸಾರು ದಪ್ಪ ಆಗುವುದು ಚೀನಿಕಾಯಿ ಕರಗಿ.

ಮರುದಿನ ಮೇಲಿನ ಮನೆಯಿಂದ ದೊಡ್ಡ ಪಾತ್ರೆ ತಂದೆವು. ಬೆಳಿಗ್ಗೆ ಹತ್ತಕ್ಕೆ ಒಗ್ಗರಣೆ ಬಿತ್ತು. ರುಚಿ ನೋಡಿದೆ, ಅದಲ್ಲ. ನೀರು ನೀರು, ಹುಳಿ ಒಂದು ಕಡೆ, ಬೆಲ್ಲ ಒಂದು ಕಡೆ. ಬೇಸರದಲ್ಲಿ ಅಂಗಡಿ ಸುತ್ತಲು ಹೋಗಿಬಿಟ್ಟೆ. ಬರುವಾಗ ನಾಲ್ಕು ಗಂಟೆ. ದೊಡ್ಡಪ್ಪ ಅಷ್ಟು ಹೊತ್ತೂ ಸಣ್ಣ ಉರಿಯಲ್ಲೇ ಇಟ್ಟು, ಆಗಾಗ ಬಿಸಿನೀರು ಹೊಯ್ದು, ತಳ ಕೆದಕುತ್ತಾ ಕೂತಿದ್ದಾರೆ. ಚೀನಿಕಾಯಿ ಹೆಸರಿಗೂ ಇಲ್ಲ, ಮೇಲೆ ಕೆಂಪು ಎಣ್ಣೆ ಎದ್ದಿದೆ. ಬೆಳಗಿನ ತಣ್ಣಗಿನ ವಡೆಯನ್ನು ಅದರಲ್ಲಿ ಮುಳುಗಿಸಿ ಕೊಟ್ಟರು.

ಅದೇ ಅಮ್ಮಾ! ಬಾಯಿಗೆ ಇಟ್ಟ ಕೂಡಲೇ ಶಾಲೆಯ ಚೀಲ ಹೆಗಲ ಮೇಲೆ ಬಂದ ಹಾಗಾಯಿತು. ಅಪ್ಪನಿಗೆ ಪುರುಸೊತ್ತು ಸಿಗುತ್ತಿದ್ದದ್ದೇ ನಾಲ್ಕಕ್ಕೆ. ಶಾಲೆ ಬಿಟ್ಟು ಸೀದಾ ಅಲ್ಲಿಗೆ ಹೋಗುತ್ತಿದ್ದೆನಲ್ಲ. ಅಂದರೆ ನಾನು ಆ ಹೋಟೆಲಿನ ಬೆಳಗಿನ ಸಾಂಬಾರು ಒಂದು ದಿನವೂ ತಿಂದಿರಲಿಲ್ಲ! "ಬೆಳಿಗ್ಗೆ ಬಂದ ಗಿರಾಕಿಗಳು ಬೈದೇ ಹೋಗುತ್ತಿದ್ದರು" ಅಂತ ದೊಡ್ಡಪ್ಪ ಈಗ ಹೇಳುತ್ತಾರೆ.

ಮಿಕ್ಕಿದ್ದನ್ನು ಬಿಲ್ಡಿಂಗಿನ ಎಂಟು ಮನೆಗೆ ಹಂಚಿದೆವು. ಎದುರಿನ ಗುಜರಾತಿ ಆಂಟಿ ಡಬ್ಬ ತೊಳೆದು ಕೊಡುವಾಗ ಸಿಹಿ ಇನ್ನೂ ಸ್ವಲ್ಪ ಬೇಕಿತ್ತು ಅಂದರಂತೆ. ದೊಡ್ಡಪ್ಪ ಆ ಮೇಲೆ ಟೀ ಕೂಡ ಕುಡಿಯಲಿಲ್ಲ.

ಇಲ್ಲಿ ನಿನ್ನೆ ರಜೆ, ನಾನೂ ಇಟ್ಟೆ. ಆರು ಗಂಟೆ ಕುದಿಸಿದೆ. ಹತ್ತಿರ ಬಂತು, ಬಣ್ಣ ಬರಲಿಲ್ಲ, ಇಲ್ಲಿ ಸಿಕ್ಕ ಮೆಣಸು ಬರೀ ಖಾರ. ಯಾರಾದರೂ ಈ ಕಡೆ ಬರುವವರಿದ್ದರೆ ಅರ್ಧ ಕಿಲೋ ಬ್ಯಾಡಗಿ ಕಳಿಸು. ಮತ್ತೆ ಅಪ್ಪನನ್ನು ಒಂದು ಕೇಳು. ಇಂಗನ್ನು ನೀರಿನಲ್ಲಿ ಕರಗಿಸಿ ಕೊನೆಗೆ ಹಾಕುತ್ತಿದ್ದೆ ಅಂತ ದೊಡ್ಡಪ್ಪ, ಇಲ್ಲ, ಒಗ್ಗರಣೆಗೇ ಹಾಕುತ್ತಿದ್ದದ್ದು ಅಂತ ದೊಡ್ಡಮ್ಮ, ಇಬ್ಬರೂ ಇನ್ನೂ ಜಗಳದಲ್ಲಿದ್ದಾರೆ. ಸಾಂಬಾರಿನ ಬಕೆಟ್ ಹಿಡಿದು ಓಡಾಡಿದವರು ಅಪ್ಪ, ಅವರಿಗೆ ಗೊತ್ತಿರಬೇಕು.

ನಿನ್ನ ಮಗಳು